ಅಪಸ್ಮಾರದ ಔಷಧವೂ ಮೂಕಪ್ರಾಣಿಗಳ ಋಣವೂ

ಸ್ಮರಣಸಂಚಿಕೆಗೆ ಮುಖ್ಯಾಧ್ಯಾಪಿಕೆಯು ಬರೆಯತಕ್ಕ ಲೇಖನವೆಂದರೆ ಪರೀಕ್ಷೆಯ ಫಲಿತಾಂಶ, ಆಟಪಾಟಗಳ ಬಹುಮಾನ, ಉಪಕಾರಿಗಳಿಗೆ ವಂದನೆ ಇವಿಷ್ಟರಲ್ಲಿ ಮುಗಿಯುವದು ವಾಡಿಕೆ. ಅವೆಲ್ಲವೂ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿರುವದರಿಂದ ನಾವು ಈ ಸಾರೆ ವಾಚಕರ ಅಪ್ಪಣೆ ಪಡೆದು ಬೇರೊಂದು ವಿಷಯವನ್ನು ಎತ್ತಿಕೊಳ್ಳುತ್ತೇವೆ. ನಮ್ಮ ವಿದ್ಯಾರ್ಥಿನಿಯೊಬ್ಬಳು ಕೇಳಿದ ಒಂದು ಪ್ರಶ್ನೆಗೆ ಆ ಹೊತ್ತಿನಲ್ಲಿ ನಾವು ಪೂರ್ತಿಯಾಗಿ ಕೊಡಲಾರದೆ ಹೋದ ಉತ್ತರವೇ ಈ ಬರಹವು.

ಆ ಪ್ರಶ್ನೆಯು ಹುಟ್ಟಿದ ಬಗೆಯನ್ನು ಮೊದಲು ತಿಳಿಸುವೆವು. ಆಲಮೇಲದ ನಮ್ಮ ವಸತಿಗೃಹದಲ್ಲಿ ಶನಿವಾರ ಮಧ್ಯಾಹ್ನವು ಹುಡುಗಿಯರು ತಲೆಗೆ ಎರೆದುಕೊಳ್ಳುವ ಹೊತ್ತು. ಹಂಡೆಯ ನೀರು ಕಾದಿರುವದು. ದೊಡ್ಡವಳು ಚಿಕ್ಕವಳ ನೆತ್ತಿಗೆ ತಂಬಿಗೆಯಿಂದ ನೀರು ಸುರಿಯುವಳು. ಬಚ್ಚಲಲ್ಲಿ ಮಾತೂ ನಗೆಯೂ ತುಂಬಿರುವವು. ಎರಡು ವರುಷಗಳ ಹಿಂದೆ ಅಂಥದೊಂದು ಶನಿವಾರ, ಭೀಮಾತೀರದ ಹಳ್ಳಿಯಿಂದ ಬಂದ ಎಂಟನೆಯ ತರಗತಿಯ ಬಾಲಿಕೆಯೊಬ್ಬಳು ಎರೆಸಿಕೊಳ್ಳುತ್ತಿದ್ದಂತೆಯೇ ಮಾತು ನಿಲ್ಲಿಸಿದಳು. ಕಣ್ಣುಗಳು ಒಂದೇ ಕಡೆಗೆ ನೆಟ್ಟವು. ಕೈಯು ಸುಮ್ಮನೆ ಉಟ್ಟ ಬಟ್ಟೆಯನ್ನು ಹೊಸೆಯಹತ್ತಿತು. ನೀರು ಹಾಕುತ್ತಿದ್ದವಳು ಇದು ಚೇಷ್ಟೆಯೆಂದು ತಿಳಿದು ಇನ್ನೆರಡು ತಂಬಿಗೆ ಸುರಿದಳು. ಅಷ್ಟರಲ್ಲಿ ಆ ಮಗುವು ನೆಲಕ್ಕೆ ಬಿದ್ದು ಕೈಕಾಲುಗಳು ಸೆಟೆದು ಅದುರತೊಡಗಿದವು.

ನಾವು ಓಡಿಹೋದೆವು. ಶಿಕ್ಷಕಿಯರ ತರಬೇತಿಯಲ್ಲಿ ಪ್ರಥಮ ಚಿಕಿತ್ಸೆಯನ್ನು ಕಲಿತು ಪ್ರಶಸ್ತಿಪತ್ರ ಪಡೆದವರು ನಾವು. ಆದರೂ ಆಗ ನಾವು ಮಾಡಿದ್ದೇನು? ಅವಳ ಕೈಕಾಲುಗಳನ್ನು ಒತ್ತಿ ಹಿಡಿದೆವು. ಅಡಿಗೆಯವಳು ಕೀಲಿಕೈಯ ಗೊಂಚಲನ್ನು ತಂದು ಮಗುವಿನ ಅಂಗೈಯಲ್ಲಿಟ್ಟಾಗ ಬೇಡವೆನ್ನಲಿಲ್ಲ. ನಾವೇ ಆ ಮುಷ್ಟಿಯನ್ನು ಮುಚ್ಚಿದೆವು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆಯದೆ ಮುಚ್ಚಿಟ್ಟರೆ ಮುಂದೆ ನಾವು ಹೇಳುವ ಮಾತಿಗೆ ಬೆಲೆ ಇರಲಾರದು. ಎರಡು ನಿಮಿಷಗಳಲ್ಲಿ ಮೂರ್ಛೆಯು ತಾನಾಗಿ ನಿಂತಿತು. ಕೀರ್ತಿಯು ಮಾತ್ರ ಕೀಲಿಕೈಗೆ ಹೋಯಿತು.

ಮರುದಿನ ತಾಯಿ ಬಂದಳು. ಮನೆಯಲ್ಲಿಯೂ ಮೂರು ಸಾರೆ ಹೀಗಾಗಿತ್ತು, ದಾರ ಕಟ್ಟಿಸಿದ್ದರು, ಹರಕೆ ಹೊತ್ತಿದ್ದರು. ಯಾರಿಗೂ ಹೇಳಿರಲಿಲ್ಲ, ಯಾಕಂದರೆ ಹೇಳಿದರೆ ನಾಳೆ ಮಗಳ ಲಗ್ನವಾಗುವದು ಹೇಗೆ? ವೈದ್ಯರಲ್ಲಿಗೆ ಕರೆದೊಯ್ದಾಗ ಅವರು ಮೊದಲು ಕೇಳಿದ್ದೇ ಇದನ್ನು: ‘ಪ್ರತಿಸಾರೆಯೂ ತಲೆಗೆ ಬಿಸಿನೀರು ಹಾಕುವಾಗಲೇ ಆಯಿತೇನು?’ ಆ ಒಂದು ಪ್ರಶ್ನೆಯಿಂದ ಭೂತವೂ ಗಾಳಿಯೂ ಮನೆಯಿಂದ ಹೊರಟುಹೋದವು. ನೀರು ಉಗುರುಬೆಚ್ಚಗಿರಲಿ, ಮೈಗೆ ಮೊದಲು ಹಾಕಿಕೊಂಡು ತಲೆಗೆ ಕಡೆಯಲ್ಲಿ ಹಾಕಿಕೊಳ್ಳಲಿ, ಎರೆದುಕೊಳ್ಳುವ ದಿನ ಮುಂಚಿತವಾಗಿ ಒಂದು ಗುಳಿಗೆ ನುಂಗಲಿ ಎಂದು ಅವರು ಹೇಳಿಕೊಟ್ಟರು. ಅಂದಿನಿಂದ ಇಂದಿನ ವರೆಗೆ ಆಕೆಗೆ ಮತ್ತೆ ಮೂರ್ಛೆ ಬಂದಿಲ್ಲ.

ಈ ವರುಷದ ಚರ್ಚಾಕೂಟಕ್ಕೆ ‘ಔಷಧಶೋಧನೆಗಾಗಿ ಪ್ರಾಣಿಗಳನ್ನು ಪೀಡಿಸುವದು ಯುಕ್ತವೋ?’ ಎಂಬ ವಿಷಯವನ್ನು ಇಟ್ಟಿದ್ದೆವು. ವಿರೋಧಪಕ್ಷದ ವಿದ್ಯಾರ್ಥಿನಿಯೊಬ್ಬಳು, ಬೆಂಗಳೂರಿನಲ್ಲಿ ಇಲಿಗಳ ತಲೆಯ ಮೇಲೆ ಬಿಸಿನೀರು ಸುರಿದು ಅವಕ್ಕೆ ಮೂರ್ಛೆ ತರಿಸಿದರೆಂದು ಓದಿಕೊಂಡು ಬಂದು ಹೇಳಿದಳು. ಸಭೆಯ ಮನಸ್ಸು ಕರಗಿ ಮತಗಳೆಲ್ಲವೂ ಬಹುತೇಕ ಆ ಕಡೆಗೆ ಬಿದ್ದವು. ಆ ಸಂಜೆ ನಮ್ಮ ಕೋಣೆಯ ಬಾಗಿಲಲ್ಲಿ ನಮ್ಮ ಭೀಮಾತೀರದ ಬಾಲಿಕೆಯು ನಿಂತಿದ್ದಳು. ಆಕೆ ಕೇಳಿದ್ದು ಇಷ್ಟೇ: “ಅಕ್ಕಾರ, ನನ್ನಂಥವರ ಸಲುವಾಗಿ ಆ ಇಲಿಗೋಳ ತಲಿಗೆ ಬಿಸಿನೀರು ಹಾಕಿದ್ರಂತಲ್ಲರಿ, ಆಮ್ಯಾಲ ಅವು ಏನಾದವರಿ?”

ಸತ್ತವು ಎಂದೆವು. ಆಕೆ ಮತ್ತೇನೂ ಕೇಳದೆ ಹೊರಟುಹೋದಳು. ನಮಗೆ ಆ ರಾತ್ರಿ ಬೇಗ ನಿದ್ದೆ ಬರಲಿಲ್ಲ.

ಈಗ ವಿಷಯವನ್ನು ಶಾಂತವಾಗಿ ವಿಚಾರಿಸೋಣ. ಬಿಸಿನೀರಿನ ಅಪಸ್ಮಾರವು ನಮ್ಮ ನಾಡಿಗೆ ಹೊರಗಿನದಲ್ಲ. ೧೯೪೫ರಲ್ಲಿ ನ್ಯೂಜಿಲೆಂಡಿನಿಂದ ಇದರ ಮೊದಲ ವರದಿ ಬಂದಿತಾದರೂ, ಅದು ವಿಶೇಷವಾಗಿ ಕಂಡುಬರುವ ಸೀಮೆಗಳಲ್ಲಿ ದಕ್ಷಿಣ ಹಿಂದುಸ್ಥಾನವು, ಅದರಲ್ಲಿಯೂ ಕರ್ನಾಟಕವು, ಮುಂದಾಗಿ ಎಣಿಸಲ್ಪಡುತ್ತದೆ. ಬೆಂಗಳೂರಿನ ಡಾ. ಕೆ. ಎಸ್. ಮಣಿಯವರೂ ಅವರ ಸಂಗಡಿಗರೂ ೧೯೬೮ರಲ್ಲಿಯೇ ಇದನ್ನು ಕುರಿತು ಬರೆದರು. ೧೯೮೮ರಲ್ಲಿ ನಿಮ್ಹಾನ್ಸ್ ಸಂಸ್ಥೆಯ ಡಾ. ಪಿ. ಸತೀಶ್‌ಚಂದ್ರರೂ ಸಂಗಡಿಗರೂ ಇಂಥ ೨೭೯ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ನಲವತ್ತರಿಂದ ಐವತ್ತು ಡಿಗ್ರಿಯಷ್ಟು ಕಾದ ನೀರನ್ನು ತಂಬಿಗೆ ತಂಬಿಗೆಯಾಗಿ ನೆತ್ತಿಗೆ ಸುರಿದುಕೊಳ್ಳುವ ನಮ್ಮ ಪದ್ಧತಿಯೇ ಕೆಲವರ ಮೆದುಳನ್ನು ಕೆಣಕುತ್ತದೆ. ಕೆಲವು ಮನೆತನಗಳಲ್ಲಿ ಇದು ಒಬ್ಬರಿಗಿಂತ ಹೆಚ್ಚು ಜನರಿಗೆ ಇರುವದೂ ಉಂಟು. ನೀರು ತಣ್ಣಗಾಗಿದ್ದರೆ ಬಹು ಮಂದಿಗೆ ಏನೂ ಆಗುವದಿಲ್ಲ.

ಈ ಉಪಾಯವನ್ನು ತಿಳಿಸಿದವು ಇಲಿಗಳಲ್ಲ. ರೋಗಿಗಳ ಮಾತನ್ನು ತಾಳ್ಮೆಯಿಂದ ಕೇಳಿದ ವೈದ್ಯರು. ಇದನ್ನು ನಮ್ಮ ವಿದ್ಯಾರ್ಥಿನಿಯರು ಗಟ್ಟಿಯಾಗಿ ನೆನಪಿಡಬೇಕು. ಆದರೆ ಅದರಾಚೆಗೆ ಒಂದು ಪ್ರಶ್ನೆ ಉಳಿಯಿತು. ತಲೆಯ ಮೇಲೆ ಬಿದ್ದ ನೀರು ತಲೆಯೊಳಗೆ ಏನು ಮಾಡುತ್ತದೆ? ಇದನ್ನು ಮಗುವಿನ ಮೆದುಳನ್ನು ತೆರೆದು ನೋಡಲಾಗದು. ಆದಕಾರಣ ಉಳ್ಳಾಲ, ಸತೀಶ್‌ಚಂದ್ರ, ಶಂಕರ್ ಎಂಬ ಸಂಶೋಧಕರು ಬೆಂಗಳೂರಿನಲ್ಲಿ ಇಲಿಗಳನ್ನು ಬಳಸಿ, ಅವುಗಳ ತಲೆಗೆ ಬಿಸಿನೀರು ಹಾಯಿಸಿ, ಮೈಕಾವನ್ನೂ ಮೆದುಳಿನ ವಿದ್ಯುತ್ತಿನ ಏರಿಳಿತವನ್ನೂ ಅಳೆದು, ೧೯೯೬ರಲ್ಲಿ ಆ ಪ್ರಯೋಗವನ್ನು ಪ್ರಕಟಿಸಿದರು. ರೋಗದ ಪ್ರಾಣಿಮಾದರಿ ಎಂಬುದು ಇದನ್ನೇ. ಅದೇ ಮಾದರಿಯಲ್ಲಿ ಔಷಧಗಳನ್ನೂ ಪರೀಕ್ಷಿಸಿದರು. ೨೦೦೬ರಲ್ಲಿ ಪ್ರಕಟವಾದ ಮುಂದಿನ ಪ್ರಯೋಗದಲ್ಲಿ, ಒಂದೇ ಇಲಿಗೆ ದಿನ ಬಿಟ್ಟು ದಿನ ಹೀಗೆ ಮಾಡುತ್ತ ಹೋದರೆ ಬರಬರುತ್ತ ಕಡಿಮೆ ಕಾವಿಗೇ ಮೂರ್ಛೆ ಬರುವದೆಂದೂ, ಮೆದುಳಿನ ಒಂದು ಭಾಗದಲ್ಲಿ ನರತಂತುಗಳು ಹೊಸದಾಗಿ ಚಿಗುರುವವೆಂದೂ ಕಂಡುಬಂದಿತು. ಒಲೆಯಲ್ಲಿ ಹಸಿ ಕಟ್ಟಿಗೆಯು ಮೊದಲು ಹೊಗೆಯಾಡಿ, ಆಮೇಲೆ ಒಂದೇ ಕಿಡಿಗೆ ಹತ್ತಿಕೊಳ್ಳುವದಿಲ್ಲವೇ? ಹಾಗೆ ಮೂರ್ಛೆಯು ಮೂರ್ಛೆಗೆ ದಾರಿ ಮಾಡಿಕೊಡುವದು ಆ ಇಲಿಗಳಲ್ಲಿ ಕಂಡಿತು. ಇಲಿಯಲ್ಲಿ ಕಂಡುದೆಲ್ಲವೂ ಮನುಷ್ಯನಲ್ಲಿ ಹಾಗೆಯೇ ಇರುವದೆಂದು ಹೇಳಕೂಡದು. ಆದರೂ ‘ದೊಡ್ಡವಳಾದ ಮೇಲೆ ತಾನಾಗಿ ಹೋದೀತು’ ಎಂದು ಕುಳಿತುಕೊಳ್ಳುವ ಪಾಲಕರು ಈ ಸಂಗತಿಯನ್ನು ಕೇಳಿ ಎಚ್ಚರಗೊಳ್ಳುವದು ಒಳ್ಳೇದು.

ಪ್ರಾಣಿಗಳಿಲ್ಲದೆ ಅಪಸ್ಮಾರಕ್ಕೆ ಔಷಧಗಳು ದೊರೆಯುತ್ತಿದ್ದಿಲ್ಲವೋ ಎಂದು ಕೇಳುವವರಿಗೆ ಚರಿತ್ರೆಯು ಕೊಡುವ ಉತ್ತರವು ಎರಡು ಬಗೆಯದು. ಮೊದಲೆರಡು ಔಷಧಗಳು ಪ್ರಾಣಿಗಳಿಂದ ಬಂದವುಗಳಲ್ಲ. ೧೮೫೭ರಲ್ಲಿ ಲಂಡನ್ನಿನ ಚಾರ್ಲ್ಸ್ ಲೋಕಾಕ್ ಎಂಬ ವೈದ್ಯರು ಬ್ರೋಮೈಡ್ ಲವಣದಿಂದ ಕೆಲವು ಸ್ತ್ರೀಯರ ಮೂರ್ಛೆಗಳು ನಿಂತವೆಂದು ತಿಳಿಸಿದರು. ೧೯೧೨ರಲ್ಲಿ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮಾನ್ ಎಂಬ ತರುಣ ವೈದ್ಯರು ರೋಗಿಗಳಿಗೆ ನಿದ್ದೆ ಬರಲೆಂದು ಫಿನೋಬಾರ್ಬಿಟಾಲ್ ಕೊಟ್ಟಾಗ ನಿದ್ದೆಯ ಜೊತೆಗೆ ಮೂರ್ಛೆಗಳೂ ಕಡಿಮೆಯಾದುದನ್ನು ಕಂಡರು. ಎರಡೂ ಆಕಸ್ಮಿಕವಾಗಿ ದೊರೆತವು. ಎರಡೂ ರೋಗವನ್ನು ತಗ್ಗಿಸುತ್ತಿದ್ದವು. ಆದರೆ ಮನುಷ್ಯನನ್ನೂ ಮಂಕಾಗಿಸುತ್ತಿದ್ದವು. ತರಗತಿಯಲ್ಲಿ ತೂಕಡಿಸುವ ಬಾಲಿಕೆಯನ್ನು ಸೋಮಾರಿಯೆಂದು ಗದರಿಸಿ, ಆಮೇಲೆ ಅವಳು ನುಂಗುವ ಗುಳಿಗೆಯ ಸಂಗತಿ ತಿಳಿದು ಪಶ್ಚಾತ್ತಾಪಪಟ್ಟ ಶಿಕ್ಷಕಿಯರಿಗೆ ಇದರ ಅರ್ಥವಾದೀತು.

ಮೂರನೆಯದು ಮಾತ್ರ ಹುಡುಕಿ ತೆಗೆದದ್ದು. ೧೯೩೭ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಟ್ರೇಸಿ ಪುಟ್ನಾಮ್, ಹೂಸ್ಟನ್ ಮೆರಿಟ್ ಎಂಬಿಬ್ಬರು ಬೆಕ್ಕುಗಳಿಗೆ ಅಳತೆಯಿಟ್ಟು ವಿದ್ಯುತ್ತು ಹಾಯಿಸಿ, ಎಷ್ಟಕ್ಕೆ ಸೆಳೆತ ಬರುವದೆಂದು ನೋಡಿ, ಆಮೇಲೆ ಒಂದೊಂದೇ ಪದಾರ್ಥವನ್ನು ಕೊಟ್ಟು ಯಾವುದು ಆ ಸೆಳೆತವನ್ನು ತಡೆಯುವದೆಂದು ಪರೀಕ್ಷಿಸಿದರು. ೧೯೦೮ರಲ್ಲಿಯೇ ತಯಾರಾಗಿ, ನಿದ್ದೆ ತರಿಸದ್ದರಿಂದ ಕೆಲಸಕ್ಕೆ ಬಾರದೆಂದು ಮೂಲೆಗೆ ಬಿದ್ದಿದ್ದ ಫಿನಿಟೊಯಿನ್ ಎಂಬ ಪದಾರ್ಥವು ಈ ಪರೀಕ್ಷೆಯಲ್ಲಿ ಗೆದ್ದಿತು. ೧೯೩೮ರಲ್ಲಿ ಅದು ರೋಗಿಗಳ ಕೈ ಸೇರಿತು. ನಿದ್ದೆಗೆ ತಳ್ಳದೆಯೂ ಮೂರ್ಛೆಯನ್ನು ತಡೆಯಬಹುದೆಂದು ಜಗತ್ತಿಗೆ ಮೊದಲು ತಿಳಿದದ್ದು ಆ ಬೆಕ್ಕುಗಳಿಂದ. ನಮ್ಮ ಬಾಲಿಕೆಯು ನುಂಗುವ ಗುಳಿಗೆಯ ಜಾತಿಯ ಔಷಧಗಳೂ ೧೯೫೭ರ ಸುಮಾರಿಗೆ ಇಲಿ ಬೆಕ್ಕುಗಳ ಮೇಲೆಯೇ ಮೊದಲು ತಮ್ಮ ಗುಣವನ್ನು ತೋರಿಸಿದವು. ವಾಲ್ಪ್ರೋಯೇಟ್ ಎಂಬ ಹೆಸರಾದ ಔಷಧದ ಕಥೆಯು ಇನ್ನೂ ವಿಚಿತ್ರ. ಫ್ರಾನ್ಸಿನ ಗ್ರೆನೋಬಲ್ ಎಂಬಲ್ಲಿ ಅದನ್ನು ಬೇರೆ ಪದಾರ್ಥಗಳನ್ನು ಕರಗಿಸುವ ದ್ರವವೆಂದು ಮಾತ್ರ ಬಳಸುತ್ತಿದ್ದರು. ೧೯೬೨ರ ಸುಮಾರಿಗೆ, ಅದರಲ್ಲಿ ಏನನ್ನು ಕರಗಿಸಿ ಪ್ರಾಣಿಗಳಿಗೆ ಕೊಟ್ಟರೂ ಸೆಳೆತ ನಿಲ್ಲುತ್ತಿದ್ದುದನ್ನು ನೋಡಿ, ಗುಣವು ಕರಗಿದ್ದರಲ್ಲಿಲ್ಲ, ಕರಗಿಸಿದ್ದರಲ್ಲಿದೆ ಎಂದು ಪಿಯರ್ ಎಯ್ಮಾರ್ ಎಂಬ ತರುಣನು ಕಂಡುಹಿಡಿದನು.

ಆದಕಾರಣ ಗುಳಿಗೆಯನ್ನು ನುಂಗುತ್ತ, ಪ್ರಾಣಿಪ್ರಯೋಗದಿಂದ ಎಂದೂ ಒಳ್ಳೇದಾಗಿಲ್ಲವೆಂದು ಹೇಳುವದು ಸತ್ಯವಲ್ಲ. ನಮ್ಮ ಚರ್ಚಾಕೂಟದ ವಿರೋಧಪಕ್ಷವು ಗೆದ್ದರೂ ಈ ಒಂದು ಮಾತಿನಲ್ಲಿ ಸೋತಿತು.

ಹಾಗೆಂದು ಅನುಮೋದಿಸುವ ಪಕ್ಷದವರು ಹಿಗ್ಗಬೇಕಾದುದಿಲ್ಲ. ಅವರು ಮರೆತ ಸಂಗತಿಗಳೂ ಇವೆ. ಬಾಸ್ಟನ್ನಿನ ಬೆಕ್ಕುಗಳ ಕಾಲದಿಂದ ಬಹುದಿನಗಳ ವರೆಗೆ ಔಷಧ ಹುಡುಕುವವರು ಎರಡೇ ಪರೀಕ್ಷೆಗಳನ್ನು ಹೆಚ್ಚಾಗಿ ನೆಚ್ಚಿದರು: ಆರೋಗ್ಯವಾದ ಪ್ರಾಣಿಗೆ ವಿದ್ಯುತ್ತಿನಿಂದ ಸೆಳೆತ ತರುವದು ಒಂದು, ಸೆಳೆತದ ಮದ್ದನ್ನು ಚುಚ್ಚಿ ತರುವದು ಇನ್ನೊಂದು. ೧೯೭೫ರಿಂದ ಅಮೆರಿಕದ ಸರಕಾರದ ಸಂಸ್ಥೆಯೊಂದು ಯೂಟಾ ವಿಶ್ವವಿದ್ಯಾಲಯದಲ್ಲಿ ಸಾವಿರಾರು ಪದಾರ್ಥಗಳನ್ನು ಇಂಥ ಪರೀಕ್ಷೆಗಳಿಗೆ ಒಡ್ಡಿಸಿತು. ಅದರಿಂದ ಔಷಧಗಳು ಬಂದವು, ನಿಜ. ಆದರೆ ಒಂದೇ ಪ್ರಶ್ನೆಯನ್ನು ಸಾವಿರ ಸಾರೆ ಕೇಳಿದರೆ ಒಂದೇ ಬಗೆಯ ಉತ್ತರವು ಸಾವಿರ ಸಾರೆ ಬರುವದೆಂಬುದನ್ನು ಪ್ರಶ್ನಪತ್ರಿಕೆ ತೆಗೆಯುವ ನಾವೆಲ್ಲರೂ ಬಲ್ಲೆವು. ಫಿನಿಟೊಯಿನ್‌ನನ್ನು ಗೆಲ್ಲಿಸಿದ ಪರೀಕ್ಷೆಯು ಫಿನಿಟೊಯಿನ್‌ನಂಥವುಗಳನ್ನೇ ಗೆಲ್ಲಿಸುತ್ತ ಹೋಯಿತು.

ಇದಕ್ಕೆ ಸಾಕ್ಷಿ ಬೇಕೆಂದರೆ ಗ್ಲಾಸ್ಗೋ ನಗರದ ಎರಡು ವರದಿಗಳನ್ನು ನೋಡಬಹುದು. ೨೦೦೦ದಲ್ಲಿ ಅಲ್ಲಿಯ ವೈದ್ಯರು ೫೨೫ ರೋಗಿಗಳನ್ನು ನೋಡಿ, ಅವರಲ್ಲಿ ೧೦೦ಕ್ಕೆ ೬೩ ಜನರಿಗೆ ಮೂರ್ಛೆಯು ಪೂರ್ತಿ ನಿಂತಿತೆಂದು ಬರೆದರು. ಆ ಮೇಲೆ ಹೊಸ ಹೊಸ ಔಷಧಗಳು ಪೇಟೆಗೆ ಬಂದವು. ೨೦೧೮ರಲ್ಲಿ ಅದೇ ಊರಿನಿಂದ ೧,೭೯೫ ರೋಗಿಗಳ ವರದಿ ಬಂದಾಗ ಆ ಅಂಕಿಯು ೧೦೦ಕ್ಕೆ ೬೪ರ ಹತ್ತಿರವಷ್ಟೇ ಇತ್ತು. ಹೊಸ ಔಷಧಗಳಲ್ಲಿ ಕೆಲವು ದೇಹಕ್ಕೆ ಹಗುರಾದವು. ಅದು ಸಣ್ಣ ಲಾಭವಲ್ಲ. ಆದರೆ ಯಾವ ಔಷಧಕ್ಕೂ ಬಗ್ಗದ ಆ ಮೂರನೆಯ ಒಂದು ಪಾಲಿನ ರೋಗಿಗಳು ಎಲ್ಲಿದ್ದರೋ ಅಲ್ಲಿಯೇ ಉಳಿದರು.

ಲೆವೆಟಿರಾಸಿಟಾಮ್ ಎಂಬ ಔಷಧದ ಸಂಗತಿಯು ಇದನ್ನೇ ಇನ್ನೊಂದು ಬಗೆಯಿಂದ ಕಲಿಸುತ್ತದೆ. ಮೇಲೆ ಹೇಳಿದ ಎರಡೂ ಪರೀಕ್ಷೆಗಳಲ್ಲಿ ಅದು ನಪಾಸಾಯಿತು. ಆ ಪರೀಕ್ಷೆಗಳನ್ನೇ ನಂಬಿದ್ದರೆ ಅದನ್ನು ಎಸೆದುಬಿಡಬೇಕಾಗಿತ್ತು. ಆದರೆ ಮೂರ್ಛೆಯು ಕಟ್ಟಿಗೆಗೆ ಕಿಡಿ ಹತ್ತಿದಂತೆ ಬೇರೂರಿದ ಪ್ರಾಣಿಗಳಲ್ಲಿ, ಅಂದರೆ ನಿಜವಾದ ರೋಗಕ್ಕೆ ಸಮೀಪವಾದ ಮಾದರಿಗಳಲ್ಲಿ, ಅದು ಚೆನ್ನಾಗಿ ಕೆಲಸ ಮಾಡಿತು. ೧೯೯೯ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ದೊರೆತು ಈಗ ನಮ್ಮ ಪಟ್ಟಣಗಳ ಔಷಧದ ಅಂಗಡಿಗಳಲ್ಲಿಯೂ ಅದು ಸಿಗುತ್ತದೆ. ಆದುದರಿಂದ ಪ್ರಾಣಿಗಳ ಮೇಲೆ ಪ್ರಯೋಗ ಮಾಡಲೋ ಬೇಡವೋ ಎಂದು ಕೇಳಿ ಸುಮ್ಮನಾಗದೆ, ಆ ಪ್ರಯೋಗವು ರೋಗಿಯ ನಿಜವಾದ ಕಷ್ಟವನ್ನು ಕುರಿತದ್ದೋ ಅಲ್ಲವೋ ಎಂದೂ ಕೇಳಬೇಕು. ಬೆಂಗಳೂರಿನವರು ಸಿದ್ಧ ಪರೀಕ್ಷೆಗೆ ತೃಪ್ತರಾಗದೆ, ನಮ್ಮ ಬಚ್ಚಲಮನೆಯಲ್ಲಿ ಆಗುವದನ್ನೇ ಪ್ರಶ್ನೆಯಾಗಿ ತೆಗೆದುಕೊಂಡರು. ಆ ಇಲಿಗಳ ಸಂಕಟವನ್ನು ನಾವು ಹಗುರಾಗಿ ಎಣಿಸುವದಿಲ್ಲ. ಆದರೆ ಆ ಪ್ರಶ್ನೆಯು ನಮ್ಮ ಮಕ್ಕಳ ಪ್ರಶ್ನೆಯಾಗಿತ್ತೆಂದು ಒಪ್ಪಿಕೊಳ್ಳುತ್ತೇವೆ.

ಸ್ತ್ರೀಯರ ಪಾಲಿಗೆ ಇನ್ನೊಂದು ಮಾತುಂಟು. ಮೇಲೆ ಹೇಳಿದ ವಾಲ್ಪ್ರೋಯೇಟ್ ಔಷಧವು ಮೂರ್ಛೆಯನ್ನು ತಡೆಯುವದರಲ್ಲಿ ಬಲವಾದದ್ದು. ಆದರೆ ಗರ್ಭಿಣಿಯು ಅದನ್ನು ತೆಗೆದುಕೊಂಡರೆ ಹೊಟ್ಟೆಯಲ್ಲಿಯ ಮಗುವಿನ ಅಂಗಾಂಗಗಳಿಗೂ ಬುದ್ಧಿಯ ಬೆಳವಣಿಗೆಗೂ ಹಾನಿ ತಟ್ಟಬಹುದೆಂದು ತಿಳಿದುಬಂದಿದೆ. ಇದು ಪೂರ್ತಿಯಾಗಿ ತಿಳಿಯುವ ಹೊತ್ತಿಗೆ ಎಷ್ಟೋ ತಾಯಂದಿರು ಅದನ್ನು ನುಂಗಿದ್ದರು. ಔಷಧ ಹುಡುಕುವವರು ಮೂರ್ಛೆ ನಿಂತಿತೇ ಎಂದಷ್ಟೇ ನೋಡದೆ, ಅದನ್ನು ನುಂಗುವವಳು ನಾಳೆ ತಾಯಿಯಾಗುವಳೆಂಬುದನ್ನೂ ಮೊದಲೇ ನೆನೆಯಬೇಕಾಗಿದೆ. ಹುಡುಗಿಯರ ಶಾಲೆಯ ಪತ್ರಿಕೆಯಲ್ಲಿ ಇದನ್ನು ಹೇಳದೆ ಬಿಡಲಾರೆವು. ಆದರೆ ಈ ಮಾತನ್ನು ಓದಿ ಯಾರೂ ತಾವಾಗಿ ಗುಳಿಗೆಯನ್ನು ಬಿಡಬಾರದು; ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಅಪಾಯವಾದೀತು. ಲಗ್ನದ ಮುಂಚೆ, ಮಗುವನ್ನು ಬಯಸುವ ಮುಂಚೆ, ವೈದ್ಯರನ್ನು ಕೇಳಿ ಬದಲಿಸಿಕೊಳ್ಳತಕ್ಕದ್ದು.

ಕಾನೂನು ಏನು ಹೇಳುತ್ತದೆ? ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯಲ್ಲಿ ದಯೆಯ ಮಾತನ್ನು ಕಾನೂನಿನಿಂದ ಕಲಿಯಬೇಕಾದುದಿಲ್ಲ. ಆದರೂ ಕಾನೂನನ್ನು ತಿಳಿದಿರಬೇಕು; ಅದರ ಹಿಂದೆ ಒಬ್ಬ ಮಹಿಳೆಯ ಪ್ರಯತ್ನವಿರುವದನ್ನು ನಮ್ಮ ಹುಡುಗಿಯರು ವಿಶೇಷವಾಗಿ ತಿಳಿದಿರಬೇಕು. ನೃತ್ಯಕಲೆಯಲ್ಲಿ ಹೆಸರಾದ ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯ ಸದಸ್ಯೆಯಾಗಿ, ಮೂಕಪ್ರಾಣಿಗಳ ಪರವಾಗಿ ಮಸೂದೆಯನ್ನು ತಂದು ವಾದಿಸಿದರು. ಅದರ ಫಲವಾಗಿ ೧೯೬೦ರಲ್ಲಿ ಪ್ರಾಣಿಹಿಂಸಾ ನಿವಾರಣ ಕಾನೂನು ಹುಟ್ಟಿತು. ಆ ಕಾನೂನು ರೋಗನಿವಾರಣೆಗೆ ಬೇಕಾಗುವ ಜ್ಞಾನಕ್ಕಾಗಿ ಪ್ರಯೋಗ ಮಾಡುವದನ್ನು ನಿಷೇಧಿಸಲಿಲ್ಲ. ಆದರೆ ತಪ್ಪಿಸಲು ಸಾಧ್ಯವಿದ್ದಲ್ಲೆಲ್ಲ ತಪ್ಪಿಸಬೇಕೆಂದಿತು. ಚಿಕ್ಕ ಪ್ರಾಣಿಯಿಂದ ಆಗುವದಕ್ಕೆ ದೊಡ್ಡದನ್ನು ಬಳಸಬಾರದೆಂದಿತು. ಬರಿಯ ಕೈಚಳಕವನ್ನು ಕಲಿಯಲಿಕ್ಕಾಗಿ ಮಾಡಬಾರದೆಂದಿತು. ೧೯೯೮ರ ನಿಯಮಗಳು ಪ್ರಯೋಗ ನಡಿಸುವ ಸಂಸ್ಥೆಗಳು ನೋಂದಣಿ ಮಾಡಿಸಿ, ನೀತಿಸಮಿತಿಯ ಒಪ್ಪಿಗೆ ಪಡೆಯಬೇಕೆಂದು ಕಟ್ಟುಮಾಡಿದವು. ೨೦೨೩ರಲ್ಲಿ ಕೇಂದ್ರಸರಕಾರವು ಹೊಸ ಔಷಧಗಳ ನಿಯಮಗಳನ್ನು ತಿದ್ದಿ, ಮನುಷ್ಯರ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ ಮಾಡುವಂಥ ಪರೀಕ್ಷೆಗಳಿಗೂ ಅವಕಾಶ ಕೊಟ್ಟಿತು.

ನಾವು ಕಾಲೇಜಿನಲ್ಲಿದ್ದಾಗ ಒಂದೊಂದು ಮೇಜಿಗೆ ಒಂದೊಂದು ಕಪ್ಪೆಯನ್ನು ಕೊಯ್ಯಿಸುತ್ತಿದ್ದರು. ಆ ಕಪ್ಪೆಯು ಒಳ್ಳೇ ಚಿತ್ರಪಟವೊಂದು ಕಲಿಸದ ಏನನ್ನೂ ನಮಗೆ ಕಲಿಸಲಿಲ್ಲವೆಂದು ಈಗ ಅನಿಸುತ್ತದೆ. ೨೦೧೧ರಿಂದ ೨೦೧೪ರ ವರೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗವು ಆ ಪದ್ಧತಿಯನ್ನು ಹಂತಹಂತವಾಗಿ ಬಿಡಿಸಿತು. ಜೀವಶಾಸ್ತ್ರದ ಕಲಿಕೆಯು ಅದರಿಂದ ನಿಂತುಹೋಗಲಿಲ್ಲ. ೧೯೫೯ರಲ್ಲಿ ಇಂಗ್ಲಂಡಿನ ರಸೆಲ್, ಬರ್ಚ್ ಎಂಬಿಬ್ಬರು ಮೂರು ನಿಯಮಗಳನ್ನು ಹೇಳಿದರು: ಪ್ರಾಣಿಯ ಬದಲು ಬೇರೆ ಉಪಾಯವಿದ್ದರೆ ಅದನ್ನೇ ಬಳಸುವದು, ಇಲ್ಲವಾದರೆ ಕಡಿಮೆ ಪ್ರಾಣಿಗಳಿಂದ ಕೆಲಸ ತೀರಿಸುವದು, ಅದಕ್ಕೂ ಆದಷ್ಟು ಕಡಿಮೆ ನೋವಾಗುವಂತೆ ನೋಡಿಕೊಳ್ಳುವದು. ಮನೆವಾರ್ತೆ ನಡಿಸುವ ಯಾವ ಹೆಂಗಸಿಗೂ ಇದರಲ್ಲಿ ತಿಳಿಯದ ಮಾತಿಲ್ಲ.

ಇಷ್ಟನ್ನೆಲ್ಲ ತೂಗಿ ನೋಡಿದ ಮೇಲೆ ನಮ್ಮ ಅಭಿಪ್ರಾಯವು ಹೀಗಿದೆ. ಯಾವ ಔಷಧಕ್ಕೂ ಬಗ್ಗದ ಮೂರ್ಛೆಯುಳ್ಳ ಮಕ್ಕಳು ಇರುವ ವರೆಗೆ, ಅವರ ಸಲುವಾಗಿ ಪ್ರಾಣಿಗಳ ಮೇಲೆ ಎಚ್ಚರದಿಂದ, ಮಿತವಾಗಿ, ಬೇರೆ ದಾರಿಯಿಲ್ಲದಲ್ಲಿ ಮಾತ್ರ ಪ್ರಯೋಗ ಮಾಡುವದನ್ನು ನಾವು ಪಾಪವೆನ್ನಲಾರೆವು. ಆದರೆ ಅದನ್ನು ಪುಣ್ಯವೆಂದೂ ಹೇಳಲಾರೆವು. ಅದು ಸಾಲ. ಸಾಲ ತೆಗೆದವನು ತೀರಿಸುವ ವರೆಗೆ ತಲೆಯೆತ್ತಿ ನಡೆಯಬಾರದು. ನಾವು ಅದನ್ನು ತೀರಿಸುತ್ತಿಲ್ಲವೆಂಬುದೇ ನಮ್ಮ ದೊಡ್ಡ ದೂರು.

ಜಗತ್ತಿನಲ್ಲಿ ಸುಮಾರು ೫ ಕೋಟಿ ಜನರಿಗೆ ಅಪಸ್ಮಾರವಿರುವದೆಂದೂ, ಸರಿಯಾದ ಚಿಕಿತ್ಸೆ ದೊರೆತರೆ ಅವರಲ್ಲಿ ೧೦೦ಕ್ಕೆ ೭೦ರ ವರೆಗೆ ಜನರು ಮೂರ್ಛೆಯಿಲ್ಲದೆ ಬಾಳಬಹುದೆಂದೂ, ಆದರೆ ಬಡದೇಶಗಳಲ್ಲಿ ನಾಲ್ವರಲ್ಲಿ ಮೂವರಿಗೆ ಆ ಚಿಕಿತ್ಸೆಯೇ ದೊರೆಯುವದಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಹಳ್ಳಿಯಲ್ಲಿ ಇದು ಸಾಧ್ಯವಿಲ್ಲವೆಂದು ಯಾರೂ ಹೇಳದಿರಲಿ. ನಮ್ಮ ರಾಜ್ಯದ ಯಳಂದೂರು ತಾಲೂಕಿನಲ್ಲಿ ಡಾ. ಮಣಿಯವರೂ ಸಂಗಡಿಗರೂ ಹಳ್ಳಿಗಳಲ್ಲಿಯ ರೋಗಿಗಳನ್ನು ಹುಡುಕಿ, ೧೯೧೨ರ ಆ ಫಿನೋಬಾರ್ಬಿಟಾಲನ್ನೂ ೧೯೩೮ರ ಆ ಫಿನಿಟೊಯಿನ್ನನ್ನೂ ಕೊಟ್ಟು, ಇಂಥ ಅಗ್ಗದ ಔಷಧಗಳಿಂದಲೇ ಹಳ್ಳಿಗಾಡಿನಲ್ಲಿ ಅಪಸ್ಮಾರವನ್ನು ಹತೋಟಿಗೆ ತರಬಹುದೆಂದು ತೋರಿಸಿದರು. ೨೦೦೧ರಲ್ಲಿ ಲ್ಯಾನ್ಸೆಟ್ ಎಂಬ ಹೆಸರಾದ ವೈದ್ಯಪತ್ರಿಕೆಯು ಅದನ್ನು ಪ್ರಕಟಿಸಿತು. ಯಳಂದೂರಿನಲ್ಲಿ ಆದದ್ದು ಸಿಂದಗಿ, ಇಂಡಿ, ಮುದ್ದೇಬಿಹಾಳದ ಸೀಮೆಯಲ್ಲಿ ಆಗಲಾರದೇ? ಹೊಸ ಗುಳಿಗೆಗಾಗಿ ಇಲಿಯು ಸಾಯುತ್ತಿರಲು, ಹಳೆಯ ಗುಳಿಗೆಯು ಊರ ಬಾಗಿಲಿಗೆ ಬಾರದಿದ್ದರೆ ಆ ಸಾವಿಗೆ ಅರ್ಥವೇನು? ಬಾಸ್ಟನ್ನಿನ ಬೆಕ್ಕು ಸತ್ತು ಎಂಬತ್ತು ವರುಷಗಳ ಮೇಲಾದರೂ ನಮ್ಮ ಬಾಲಿಕೆಯ ಅಂಗೈಗೆ ಮೊದಲು ಬಂದದ್ದು ಕೀಲಿಕೈಯೇ. ಅದನ್ನು ಮುಚ್ಚಿ ಹಿಡಿದವರು ನಾವೇ.

ಪಾಲಕರಲ್ಲಿ ನಮ್ಮ ವಿಜ್ಞಾಪನೆ ಏನೆಂದರೆ, ಮುಚ್ಚಿಡಬೇಡಿರಿ. ಬೆಂಕಿಯಲ್ಲಿಯೂ ನೀರಿನಲ್ಲಿಯೂ ಬೀಳುತ್ತಿದ್ದ ಮಗನನ್ನು ಜನಸಮೂಹದ ನಡುವೆಯೇ ಕರೆತಂದ ತಂದೆಯ ವೃತ್ತಾಂತವನ್ನು ನಮ್ಮ ಶಾಲೆಯ ಮಕ್ಕಳೆಲ್ಲರೂ ಕೇಳಿದ್ದಾರೆ. ಆ ತಂದೆಯು ನಾಚಿಕೊಂಡು ಮನೆಯಲ್ಲಿ ಕುಳಿತಿದ್ದರೆ ಆ ಮಗನ ಗತಿ ಏನಾಗುತ್ತಿತ್ತು? ಅಪಸ್ಮಾರವಿದ್ದವರು ಲಗ್ನಕ್ಕೆ ಅಯೋಗ್ಯರೆಂಬ ಮಾತನ್ನು ನಮ್ಮ ದೇಶದ ಕಾನೂನೇ ೧೯೯೯ರಲ್ಲಿ ಕಿತ್ತುಹಾಕಿತು. ಕಾನೂನು ಬಿಟ್ಟದ್ದನ್ನು ಬೀಗರು ಹಿಡಿದುಕೊಂಡಿರುವದು ನ್ಯಾಯವಲ್ಲ.

ವಿದ್ಯಾರ್ಥಿನಿಯರೇ, ನಿಮ್ಮ ಎದುರಿಗೆ ಯಾರಾದರೂ ಮೂರ್ಛೆಯಿಂದ ಬಿದ್ದರೆ ಕೈಕಾಲುಗಳನ್ನು ಒತ್ತಿ ಹಿಡಿಯಬೇಡಿರಿ. ಬಾಯಲ್ಲಿ ಏನನ್ನೂ ಇಡಬೇಡಿರಿ, ನೀರು ಕುಡಿಸಬೇಡಿರಿ. ಕೀಲಿಕೈ, ಉಳ್ಳಾಗಡ್ಡಿ, ಚಪ್ಪಲಿ ಯಾವುದೂ ಬೇಡ. ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಕೊರಳಿನ ಬಟ್ಟೆಯನ್ನು ಸಡಿಲಿಸಿ, ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರವನ್ನು ನೋಡಿರಿ. ಐದು ನಿಮಿಷ ದಾಟಿದರೆ ೧೦೮ಕ್ಕೆ ಕರೆಮಾಡಿರಿ. ಎಚ್ಚರವಾದ ಮೇಲೆ ಆಕೆಯ ಹತ್ತಿರ ಕುಳಿತಿರಿ. ಯಾರೂ ಸುತ್ತ ನಿಂತು ನೋಡದಂತೆ ಕಾಯಿರಿ. ಬಿಸಿನೀರಿನಿಂದ ಆಯಿತೋ ಎಂದು ಕೇಳಲು ಮರೆಯಬೇಡಿರಿ. ನಮ್ಮ ವಸತಿಗೃಹದ ಬಚ್ಚಲಲ್ಲಿ ಈಗ ತಣ್ಣೀರಿನ ಕೊಡವೊಂದು ಹಂಡೆಯ ಪಕ್ಕದಲ್ಲಿಯೇ ಇರುವದು, ನೀರನ್ನು ಬೆರೆಸದೆ ಯಾರ ತಲೆಗೂ ಸುರಿಯಕೂಡದೆಂಬ ನಿಯಮವೂ ಇರುವದು.

ಕಡೆಯದಾಗಿ, ಪ್ರಶ್ನೆ ಕೇಳಿದ ನಮ್ಮ ಬಾಲಿಕೆಗೆ ಒಂದು ಮಾತು. ಮಗಳೇ, ಆ ಇಲಿಗಳು ಏನಾದವೆಂದು ಚರ್ಚಾಕೂಟದಲ್ಲಿ ಗೆದ್ದವರೂ ಕೇಳಲಿಲ್ಲ, ಸೋತವರೂ ಕೇಳಲಿಲ್ಲ, ನೀನು ಕೇಳಿದೆ. ಅವುಗಳ ಮೆದುಳನ್ನು ತೆರೆದು ನೋಡಿದರು. ಅದರಲ್ಲಿ ಕಂಡದ್ದನ್ನು ಬರೆದಿಟ್ಟರು. ಬರೆದಿಟ್ಟದ್ದನ್ನು ನಿನ್ನ ಊರಿನ ವರೆಗೆ ತರುವದು ಮಾತ್ರ ಬಾಕಿ ಉಳಿದಿದೆ. ನೀನು ಮುಂದೆ ವೈದ್ಯಳಾದರೂ, ದಾದಿಯಾದರೂ, ಶಿಕ್ಷಕಿಯಾದರೂ, ಭೀಮೆಯ ದಂಡೆಯ ಒಂದು ಮನೆಯಲ್ಲಿ ತಾಯಿಯಾದರೂ, ಆ ಬಾಕಿಯಲ್ಲಿ ನಿನ್ನ ಪಾಲನ್ನು ತೀರಿಸುವಿಯೆಂದು ನಂಬಿದ್ದೇವೆ. ನಮ್ಮ ಪಾಲನ್ನು ನಾವು ಈ ಪುಟಗಳಿಂದ ತೀರಿಸಲು ತೊಡಗಿದ್ದೇವೆ.